ಹಳದಿ ಹಾಳೆಯ ಹನ್ನೊಂದನೇ ಸಾಲು

ಸಿಸ್ಟರಮ್ಮನನ್ನು ಸ್ವಂತ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಓಡಾಡಿದವರು. ನಿವೃತ್ತಿಯ ದಿನ ಸಮವಸ್ತ್ರ ಕಳಚಿಟ್ಟರೂ ಆ ಹೆಸರು ಮಾತ್ರ ಮೈಬಿಟ್ಟು ಹೋಗಲಿಲ್ಲ. ಈಗ ವಾರಕ್ಕೆ ಮೂರು ದಿನ ಅವರು ಕೌಟುಂಬಿಕ ನ್ಯಾಯಾಲಯದ ಕಟ್ಟಡದಲ್ಲಿ, ಮಧ್ಯಸ್ಥಿಕೆ ಕೇಂದ್ರದ ಮೂರನೇ ನಂಬರಿನ ಕೋಣೆಯಲ್ಲಿ ಕೂರುತ್ತಿದ್ದರು. ಬೇರೆಯಾಗಲು ಹೊರಟ ಗಂಡ ಹೆಂಡತಿ ಅಲ್ಲಿಗೆ ಬಂದು, ಮಗು ಯಾರ ಹತ್ತಿರ, ಮನೆ ಯಾರಿಗೆ, ಬ್ಯಾಂಕಿನಲ್ಲಿರುವುದು ಹೇಗೆ ಪಾಲು ಎಂದು ತಾವೇ ಮಾತಾಡಿ ತೀರ್ಮಾನಿಸಿಕೊಳ್ಳಬೇಕು. ತೀರ್ಪು ಹೇಳುವುದು ಸಿಸ್ಟರಮ್ಮನ ಕೆಲಸವಲ್ಲ. ಕೇಳಿಸಿಕೊಳ್ಳುವುದು, ಮಾತು ಕೈಮೀರಿದಾಗ ನೀರಿನ ಲೋಟ ಮುಂದೆ ಸರಿಸುವುದು, ಕೊನೆಗೆ ಒಪ್ಪಿದ್ದನ್ನು ಬರೆಸುವುದು, ಇಷ್ಟೇ.

ಕೋಣೆಯಲ್ಲಿ ಒಂದು ದುಂಡು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಒಂದರ ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು. ಕಿಟಕಿಯಾಚೆ ಸ್ಕೂಟರುಗಳ ಸಾಲು. ಮೂಲೆಯಲ್ಲಿ ಒಂದು ಟೇಬಲ್ ಫ್ಯಾನು ಎಡಕ್ಕೂ ಬಲಕ್ಕೂ ತಿರುಗುತ್ತ ಇರುತ್ತಿತ್ತು. ಬಾಗಿಲಲ್ಲಿ ಕೂರುವ ಅಟೆಂಡರಿಗೆ ಆ ಫ್ಯಾನಿನ ಮೇಲೆ ಭಾರಿ ಗೌರವ.

"ನಿಮಗಿಂತ ಅದೇ ವಾಸಿ ಸಿಸ್ಟರಮ್ಮ," ಅನ್ನುತ್ತಿದ್ದ. "ನೀವು ಇಬ್ಬರಿಗೂ ಹೂಂ ಅಂತೀರ. ಅದು ನೋಡಿ, ಇಬ್ಬರಿಗೂ ಊಹೂಂ ಅಂತ ತಲೆ ಆಡಿಸ್ತಾನೇ ಇರತ್ತೆ."

ಸಿಸ್ಟರಮ್ಮನ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಮೊದಲ ದಿನ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಬಾಗಿಲು ಹಾಕಿ, ಗಂಡನಿಗೆ ನೀಲಿ ಹಾಳೆ, ಹೆಂಡತಿಗೆ ಹಳದಿ ಹಾಳೆ ಕೊಡುವುದು. "ಬೇರೆಯಾದ ಮೇಲೆ ತಿಂಗಳಿಗೆ ನಿನಗೆ ಏನೇನು ಖರ್ಚು ಬರತ್ತೆ, ನಿನ್ನ ಕೈಯಲ್ಲೇ ಬರಿ," ಎಂದು ಹೇಳಿ ತಾವು ಕಿಟಕಿಯ ಕಡೆ ತಿರುಗಿ ಕೂರುವುದು. ಹಾಳೆಗಳು ಬೇರೆ ಬೇರೆ ಫೈಲಿಗೆ ಹೋಗುತ್ತಿದ್ದವು. ಬಾಗಿಲು ಹಾಕಿದ ಮೇಲೆ ಒಬ್ಬರು ಹೇಳಿದ್ದು, ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕಿವಿಗೆ ಬೀಳಕೂಡದು. ಆ ಕೋಣೆಯಲ್ಲಿ ಕಟ್ಟುನಿಟ್ಟು ಅನ್ನುವಂಥದ್ದು ಇದೊಂದೇ. ಆರು ವರ್ಷದಲ್ಲಿ ಸಿಸ್ಟರಮ್ಮ ಅದನ್ನು ಒಮ್ಮೆಯೂ ಮುರಿದಿರಲಿಲ್ಲ. ವಾರ್ಡಿನಲ್ಲಿ ಹತ್ತನೇ ಹಾಸಿಗೆಯವರ ರೋಗ ಹನ್ನೊಂದನೇ ಹಾಸಿಗೆಯವರಿಗೆ ಹೇಳದೆ ಬದುಕಿದವರಿಗೆ ಅದೇನೂ ಕಷ್ಟದ್ದಾಗಿರಲಿಲ್ಲ.

ಪ್ರೆಸ್ಸಿನವನೂ ಅವನ ಹೆಂಡತಿಯೂ ಬಂದದ್ದು ಒಂದು ಮಂಗಳವಾರ.

ಅವನು ಮುದ್ರಣಾಲಯದಲ್ಲಿ ಮಷೀನ್ ನಡೆಸುವವನು. ಉಗುರ ಸಂದಿಯ ಕಪ್ಪು ಎಷ್ಟು ತೊಳೆದರೂ ಬಿಟ್ಟಿರಲಿಲ್ಲ. ಕಾಗದದ ಧೂಳು ಕುಡಿದು ಕುಡಿದು ಎದೆಯಲ್ಲಿ ಗೊರಗೊರ. ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಮಾತಾಡುವಾಗ ಎದುರಿನವರ ಮುಖವನ್ನು ಅಳತೆ ತೆಗೆಯುವಂತೆ ನೋಡುವ ಅಭ್ಯಾಸ. ಹನ್ನೆರಡು ವರ್ಷದ ಸಂಸಾರ, ಒಂಬತ್ತು ವರ್ಷದ ಮಗಳು. ಹೊಡೆತವಿಲ್ಲ, ಕುಡಿತವಿಲ್ಲ, ಮೂರನೆಯವರಿಲ್ಲ. ಮನೆಯಲ್ಲಿ ಮಾತು ಎಂದೋ ನಿಂತುಹೋಗಿತ್ತು, ಅಷ್ಟೆ. ಆದರೆ ಸಾಮಾನು ಹಂಚಿಕೊಳ್ಳುವ ಹೊತ್ತಿಗೆ ಎಲ್ಲಿಂದ ಬಂತೋ, ಇಬ್ಬರ ಬಾಯಿಯೂ ಬಿಚ್ಚಿಕೊಂಡಿತು.

"ಮಿಕ್ಸಿ ನೀನೇ ತಗೊಂಡು ಹೋಗು," ಅಂದ ಅವನು. "ಅದರ ಸದ್ದು, ನಿನ್ನ ಸದ್ದು ಎರಡೂ ಒಟ್ಟಿಗೆ ಹೋದ್ರೆ ನನಗೂ ನೆಮ್ಮದಿ."

"ಹಾಗಾದ್ರೆ ಕಬ್ಬಿಣದ ಬೀರು ನೀವೇ ಇಟ್ಕೊಳ್ಳಿ. ಅದೂ ನಿಮ್ಮ ಹಾಗೇನೇ. ಗುದ್ದಿದ್ರೂ ಬಾಯಿ ಬಿಡಲ್ಲ."

"ಟೀವಿ?"

"ಟೀವಿ ನಿಮ್ಮದೇ. ಹನ್ನೆರಡು ವರ್ಷದಿಂದ ಅದರ ಜೊತೇಲೇ ತಾನೇ ಸಂಸಾರ ಮಾಡಿರೋದು."

ಬಾಗಿಲಾಚೆ ಅಟೆಂಡರು ಕೆಮ್ಮಿ ನಗು ನುಂಗಿದ. ಸಿಸ್ಟರಮ್ಮ ನೀರಿನ ಲೋಟ ಸರಿಸಿದರು.

ಮುಂದಿನ ವಾರ ಮೊದಲು ಅವಳ ಸರದಿ. ಬಾಗಿಲು ಹಾಕಿದ ಕೂಡಲೇ ಅವಳ ಬಾಯಿಯ ಖಾರವೆಲ್ಲ ಇಳಿದುಹೋಯಿತು.

"ಸಿಸ್ಟರಮ್ಮ, ನನಗೊಂದು ಮನೆ ಸಿಕ್ಕಿದೆ. ಎರಡೇ ಕೋಣೆ. ಮಗಳ ಶಾಲೆಯ ಗೇಟಿಗೆ ಎದುರು. ನಾನು ಅಂಗಡಿ ಮುಚ್ಚಿ ಬರೋದು ಏಳೂವರೆಗೆ. ಅಲ್ಲೀವರೆಗೆ ಕೆಳಗಿನ ಮನೆಯ ಅಜ್ಜಿ ಇವಳನ್ನ ನೋಡ್ಕೋತೀನಿ ಅಂದಿದಾರೆ. ಇಂಥ ಅನುಕೂಲ ಇನ್ನೆಲ್ಲಿ ಸಿಗತ್ತೆ ಹೇಳಿ? ಮಾಲೀಕರು ಮೂವತ್ತನೇ ತಾರೀಕಿನವರೆಗೆ ಕಾಯ್ತಾರಂತೆ. ಮುಂಗಡ ಕೊಡಬೇಕು. ನನ್ನ ಹತ್ತಿರ ಇರೋದೆಲ್ಲ ಬ್ಯಾಂಕಿನ ಠೇವಣಿಯಲ್ಲಿದೆ. ಇಬ್ಬರ ಹೆಸರಲ್ಲೂ ಇದೆ. ಅವರ ಸಹಿ ಇಲ್ಲದೆ ಒಂದು ಪೈಸೆ ಹೊರಗೆ ಬರಲ್ಲ. ಅದಕ್ಕೇ ಈ ತಿಂಗಳಲ್ಲೇ ಮುಗಿಸಿಕೊಡಿ. ಕೈ ಮುಗೀತೀನಿ."

"ಅವನಿಗೆ ಈ ತಾರೀಕು ಗೊತ್ತಾ?"

"ಗೊತ್ತಾಗಬಾರದು. ಗೊತ್ತಾದ್ರೆ ಹಟಕ್ಕೆ ಬಿದ್ದು ಎಳೆದಾಡ್ತಾರೆ."

ಸಿಸ್ಟರಮ್ಮ ಹೂಂ ಅಂದು ಹಳದಿ ಹಾಳೆ ಕೊಟ್ಟರು. ಅವಳು ಅಂಗಡಿಯ ಬಿಲ್ ಬರೆಯುವವಳ ಚುರುಕಿನಲ್ಲಿ ಬರೆದು ಮುಗಿಸಿದಳು. ಅಂಗಡಿಗೆ ತಡವಾಗುತ್ತದೆಂದು ತಿರುಗಿಯೂ ನೋಡದೆ ಹೊರಟಳು. ಹಾಳೆಯನ್ನು ಫೈಲಿಗೆ ಸೇರಿಸುವ ಮುಂಚೆ ಸಿಸ್ಟರಮ್ಮ ಕಣ್ಣಾಡಿಸಿದರು. ಬಾಡಿಗೆ. ದಿನಸಿ. ಹಾಲು. ಗ್ಯಾಸು. ಶಾಲೆಯ ಫೀಜು. ಬಸ್ಸು. ಹೀಗೆ ಕೆಳಗಿಳಿದು ಹನ್ನೊಂದನೇ ಸಾಲಿಗೆ ಬಂದವರು ಅಲ್ಲೇ ನಿಂತರು.

"ಉಬ್ಬಸದ ಇನ್‌ಹೇಲರ್, ತಿಂಗಳಿಗೆ ಎರಡು," ಎಂದು ಬರೆದಿತ್ತು. ಮುಂದೆ ಬೆಲೆ, ಪೈಸೆ ಸಮೇತ.

ಅವಳಿಗೆ ಉಬ್ಬಸವಿಲ್ಲ. ಮಗಳಿಗೂ ಇಲ್ಲ. ಗೊರಗೊರ ಎನ್ನುವ ಎದೆ ಯಾರದೆಂದು ನರ್ಸಿಗೆ ಬೇರೆಯವರು ಹೇಳಬೇಕೇ? ಅವನಿಲ್ಲದ ಮನೆಯ ಖರ್ಚಿನಲ್ಲಿ ಅವಳು ಅವನ ಔಷಧಿ ಸೇರಿಸಿದ್ದಳು.

ಸಿಸ್ಟರಮ್ಮ ಹಾಳೆಯನ್ನು ಫೈಲಿಗೆ ಹಾಕದೆ ಕೈಯಲ್ಲೇ ಹಿಡಿದು ಕೂತರು. ಅದಕ್ಕೆ ಕಾರಣ ಅವರ ಮನೆಯ ಅಡುಗೆಕಟ್ಟೆಯ ಮೇಲಿತ್ತು. ಅದು ಒಂದು ಸಣ್ಣ ಸ್ಟೀಲ್ ಬಟ್ಟಲು.

ಅವರ ಯಜಮಾನರು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಯಾವುದೋ ಒಂದು ಮಾತಿಗೆ, ಅದು ಯಾವ ಮಾತೆಂದು ಕೊನೆಗೆ ಇಬ್ಬರಿಗೂ ಮರೆತುಹೋಗಿರಬೇಕು, ಅವರು ಸಿಸ್ಟರಮ್ಮನ ಜೊತೆ ಮಾತು ಬಿಟ್ಟರು. ಒಂದೇ ಸೂರಿನಡಿ ಹನ್ನೊಂದು ವರ್ಷ. ಸಿಸ್ಟರಮ್ಮ ಮಾತ್ರ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅವರ ರಕ್ತದೊತ್ತಡದ ಮಾತ್ರೆ ಎರಡು ಆ ಬಟ್ಟಲಿಗೆ ಹಾಕಿಟ್ಟು ಹೋಗುತ್ತಿದ್ದರು. ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ. ಒಂದು ದಿನವೂ ತಪ್ಪಲಿಲ್ಲ. ಅಕ್ಕಪಕ್ಕದವರು ಏನಾದರೂ ಅನ್ನಲಿ, ಸಿಸ್ಟರಮ್ಮನ ಲೆಕ್ಕದಲ್ಲಿ ಆ ಖಾಲಿ ಬಟ್ಟಲೇ ತಮ್ಮ ಸಂಸಾರ. ಬಾಯಿ ಆಡದಿದ್ದರೇನು, ನಾನು ಇಟ್ಟದ್ದನ್ನು ಅವರು ತೆಗೆದುಕೊಂಡರಲ್ಲ! ಯಜಮಾನರು ತೀರಿಹೋಗಿ ಏಳು ವರ್ಷವಾದರೂ ಬಟ್ಟಲು ಜಾಗ ಬಿಟ್ಟು ಕದಲಿರಲಿಲ್ಲ. ಅವರ ಮೇಜಿನ ಖಾನೆಯೂ ಹಾಗೇ ಇತ್ತು. ಹೋದ ವಾರವೇ ಅದನ್ನು ಒಮ್ಮೆ ತೆರೆದು, ಮೇಲಿದ್ದ ಕಾಗದಗಳಲ್ಲಿ ನಾಲ್ಕು ನೋಡಿ, ಆಮೇಲೆ ನೋಡಿದರಾಯಿತೆಂದು ಮುಚ್ಚಿದ್ದರು. ಮತ್ತೆ ತೆರೆದಿರಲಿಲ್ಲ.

ಈಗ ಕೈಯಲ್ಲಿದ್ದ ಹಳದಿ ಹಾಳೆಯಲ್ಲಿ ಅವರಿಗೆ ಆ ಬಟ್ಟಲೇ ಕಂಡಿತು.

ಮಧ್ಯಾಹ್ನ ಪ್ರೆಸ್ಸಿನವನು ಬಂದ. ನೀಲಿ ಹಾಳೆ ಮುಂದಿಟ್ಟರೆ ಬಾಡಿಗೆ, ಊಟ, ಬೀಡಿ ಎಂದು ಮೂರು ಸಾಲು ಬರೆದು ಪೆನ್ನು ತಲೆಕೆಳಗಾಗಿ ಹಿಡಿದು ಕೂತುಬಿಟ್ಟ.

"ಬೇರೆ ಖರ್ಚಿಲ್ಲವೇನಪ್ಪಾ?"

"ಇನ್ನೇನಿರತ್ತೆ ಸಿಸ್ಟರಮ್ಮ, ಒಂಟಿ ಮನುಷ್ಯನಿಗೆ. ಅವಳಿಗೆ ನಾನು ಎಂದೋ ಸತ್ತುಹೋದೆ. ಕೊಡಿ, ಎಲ್ಲಿ ಅಂತೀರೋ ಅಲ್ಲಿ ಸಹಿ ಹಾಕ್ತೀನಿ. ಠೇವಣೀಲಿ ಅರ್ಧ ಅಲ್ಲ, ಮುಕ್ಕಾಲು ತಗೊಳ್ಳಲಿ. ನನಗೆ ಯಾರಿದಾರೆ?"

ಅವನು ಆವತ್ತೇ ಸಹಿ ಹಾಕುತ್ತಿದ್ದ. ಪೆನ್ನು ಕೈಯಲ್ಲೇ ಇತ್ತು. ಇಪ್ಪತ್ತೊಂದನೇ ತಾರೀಕು. ಅವಳ ಮನೆಯ ಗಡುವಿಗೆ ಇನ್ನೂ ಒಂಬತ್ತು ದಿನ ಬಾಕಿ.

ಸಿಸ್ಟರಮ್ಮನ ಬಾಯಿಂದ ಮಾತು ಜಾರಿತು.

"ಸತ್ತವರ ಔಷಧಿ ಯಾರಾದರೂ ಖರ್ಚಿನ ಪಟ್ಟಿಯಲ್ಲಿ ಬರೀತಾರೇನಪ್ಪಾ?"

ಅವನು ತಲೆ ಎತ್ತಿದ. "ಅಂದ್ರೆ?"

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆರು ವರ್ಷ ಕಾಪಾಡಿಕೊಂಡು ಬಂದದ್ದನ್ನು ಕೈಯಾರೆ ಬಿಟ್ಟುಕೊಟ್ಟು, "ನಿನ್ನ ಇನ್‌ಹೇಲರು ಅವಳ ಪಟ್ಟಿಯಲ್ಲಿದೆ," ಅಂದರು.

ಅವನು ಪೆನ್ನು ಕೆಳಗಿಟ್ಟ. ಗಂಡಸಿನ ಕಣ್ಣಲ್ಲಿ ನೀರು ತುಂಬುವುದನ್ನು ಸಿಸ್ಟರಮ್ಮ ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದರು. ಆದರೆ ಈ ನೀರು ತಾವೇ ತರಿಸಿದ್ದು. ಅದರಿಂದ ಅವರಿಗೆ ಒಳಗೊಳಗೇ ಒಂದು ಹಿತವೂ ಆಯಿತು.

"ಒಂದು ಮೂರು ವಾರ ಬಿಟ್ಟು ಬನ್ನಿ. ಅವಸರ ಏನಿದೆ? ಯೋಚನೆ ಮಾಡಿ," ಎಂದು ಮುಂದಿನ ತಿಂಗಳ ಹನ್ನೊಂದನೇ ತಾರೀಕು ಬರೆದುಕೊಟ್ಟರು. ಅವಳಿಗೆ ಫೋನಿನಲ್ಲಿ ತಿಳಿಸಿದರು.

"ಸಿಸ್ಟರಮ್ಮ, ಮೂವತ್ತನೇ ತಾರೀಕು ಅಂತ ಹೇಳಿದ್ದೆನಲ್ಲ."

"ಮನೆ ಎಲ್ಲಿಗೂ ಓಡಿಹೋಗಲ್ಲ ತಾಯಿ. ಸಂಸಾರ ಹೋದರೆ ಬರತ್ತಾ?"

"ಅದು ಹೋಗಿ ಬಹಳ ದಿನ ಆಯ್ತು," ಅಂದಳು. ಫೋನು ಇಟ್ಟಳು.

ಮೂರು ವಾರವಾದ ಮೇಲೆ ಪ್ರೆಸ್ಸಿನವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಡ್ಡ ಹೆರೆದುಕೊಂಡು, ಕಾಲು ಗಂಟೆ ಮೊದಲೇ ಬಂದು ಬೆಂಚಿನ ಮೇಲೆ ಕೂತ. ಮನೆಗೆ ಸುಣ್ಣ ಬಣ್ಣ ಮಾಡಿಸಿದ್ದನಂತೆ. ಟೀವಿಯನ್ನು ತಮ್ಮನ ಮನೆಗೆ ಸಾಗಹಾಕಿದ್ದನಂತೆ. ಅಕ್ಕನಿಗೂ ಪ್ರೆಸ್ಸಿನವರಿಗೂ ಎಲ್ಲ ಸರಿಹೋಯಿತೆಂದು ಹೇಳಿಬಿಟ್ಟಿದ್ದನಂತೆ. ಇದನ್ನೆಲ್ಲ ಅಟೆಂಡರಿನ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಅವಳು ಬಂದಳು. ಮುಖ ನಿದ್ದೆಗೆಟ್ಟಿತ್ತು. ಕುರ್ಚಿ ಎಳೆದುಕೊಂಡು ನೇರ ಸಿಸ್ಟರಮ್ಮನ ಮುಖವನ್ನೇ ನೋಡಿದಳು. ಅದೇ ಅಳತೆಯ ನೋಟ.

"ಮೊದಲು ಒಂದು ಕೇಳಬೇಕು ಸಿಸ್ಟರಮ್ಮ. ಇವರು ಮೂರು ವಾರದಿಂದ ನನ್ನ ಹಿಂದೆ ಹಿಂದೆ ಬಂದು, ನನ್ನ ಔಷಧಿ ಬರೆದಿದೀಯಲ್ಲ, ನನ್ನ ಔಷಧಿ ಬರೆದಿದೀಯಲ್ಲ ಅಂತಿದಾರೆ. ನಾನು ಬರೆದದ್ದು ಇವರಿಗೆ ಹೇಗೆ ಗೊತ್ತಾಯ್ತು?"

ಫ್ಯಾನು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು.

"ನಾನೇ ಹೇಳಿದೆ ತಾಯಿ," ಅಂದರು ಸಿಸ್ಟರಮ್ಮ.

"ಬಾಗಿಲು ಹಾಕಿ ಹೇಳಿದ್ದಲ್ವಾ ಅದು?"

"ಹೌದು. ತಪ್ಪಾಯ್ತು."

"ತಪ್ಪು ಗಿಪ್ಪು ಏನೂ ಇಲ್ಲ, ಒಳ್ಳೇದೇ ಮಾಡಿದಾರೆ," ಎಂದು ಪ್ರೆಸ್ಸಿನವನು ಅಡ್ಡ ಬಾಯಿ ಹಾಕಿದ. "ನೀನೇ ಹೇಳು. ನಾನು ಬೇಡವಾಗಿದ್ರೆ ಅದನ್ನ ಯಾಕೆ ಬರೀತಿದ್ದೆ?"

ಅವಳು ಅವನ ಕಡೆ ತಿರುಗಿದಳು. ಮೊದಲ ದಿನದ ಖಾರ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

"ಕೈ ಬರೀತು ರೀ. ನಾನು ಬರೀಲಿಲ್ಲ. ಹನ್ನೆರಡು ವರ್ಷದಿಂದ ಪ್ರತಿ ತಿಂಗಳು ಹಾಲು, ಗ್ಯಾಸು, ಫೀಜು, ಆಮೇಲೆ ನಿಮ್ಮ ಇನ್‌ಹೇಲರು. ಅದೇ ಸಾಲು. ನಮ್ಮ ಅಂಗಡೀಲಿ ಹೋದ ವರ್ಷ ದೀಪದ ಸ್ವಿಚ್ಚು ಈ ಗೋಡೆಯಿಂದ ಆ ಗೋಡೆಗೆ ಬದಲಾಯಿಸಿದ್ರು. ಈಗಲೂ ನನ್ನ ಕೈ ಖಾಲಿ ಗೋಡೆ ತಡವತ್ತೆ. ಗೋಡೆ ಮೇಲೆ ಪ್ರೀತಿ ಅಂತಾನಾ?"

ಅವನು ಏನೋ ಹೇಳಲು ಹೊರಟ. ಉಸಿರು ಸಿಕ್ಕಿಕೊಂಡಿತು.

"ಆ ಔಷಧಿ ನಾನು ಯಾವತ್ತೂ ಮರೀಲಿಲ್ಲ. ಯಾಕೆ ಗೊತ್ತಾ? ಒಂದು ದಿನ ಮರೆತು, ನಿಮಗೇನಾದ್ರೂ ಆದ್ರೆ, ಹೆಂಡತಿ ಸಾಯಿಸಿದಳು ಅಂತಾರಲ್ಲ ಅನ್ನೋ ಭಯ. ಹನ್ನೆರಡು ವರ್ಷ ಆ ಭಯದಲ್ಲೇ ತಂದಿಟ್ಟೆ. ತಂದಿಟ್ಟದ್ದನ್ನ ನೀವು ತಗೊಂಡ್ರಿ. ಒಂದು ದಿನ, ಒಂದೇ ಒಂದು ದಿನ, ಇದು ಎಲ್ಲಿಂದ ಬರತ್ತೆ ಅಂತ ಕೇಳಿದ್ರಾ?"

ಸಿಸ್ಟರಮ್ಮ ನೀರಿನ ಲೋಟಕ್ಕೆ ಕೈ ಚಾಚಿದರು. ಯಾರ ಕಡೆ ಸರಿಸಬೇಕೆಂದು ತೋಚದೆ ಅಲ್ಲೇ ಹಿಡಿದುಕೊಂಡರು.

"ಮನೆ ಏನಾಯ್ತಮ್ಮ?" ಎಂದು ಕೇಳಿದರು, ಉತ್ತರ ಗೊತ್ತಿದ್ದೂ.

"ಒಂದನೇ ತಾರೀಕೇ ಬೇರೆಯವರು ಬಂದ್ರು. ಶಾಲೆಗೆ ಬಿಡೋಕೆ ಹೋದಾಗೆಲ್ಲ ಅವರ ಬಟ್ಟೆ ಆ ಮಹಡಿ ಮೇಲೆ ಒಣಗ್ತಿರತ್ತೆ, ನೋಡ್ತೀನಿ. ಈಗ ಸಿಕ್ಕಿರೋದು ಊರ ಆ ತುದೀಲಿ. ಎರಡು ಬಸ್ಸು. ನಾನು ಕೆಲಸ ಮುಗಿಸೋವರೆಗೆ ಮಗಳು ಅಂಗಡಿ ಹಿಂದೆ ಗಾಜಿನ ಪುಡಿಯಲ್ಲಿ ಕೂತಿರ್ತಾಳೆ. ಬರೀರಿ ಸಿಸ್ಟರಮ್ಮ. ಇವತ್ತು ಮುಗಿಸಿ."

ಬರೆದರು. ಮಗಳು ತಾಯಿಯ ಹತ್ತಿರ, ಭಾನುವಾರ ತಂದೆಯ ಹತ್ತಿರ. ಠೇವಣಿ ಅರ್ಧರ್ಧ. ಮುಕ್ಕಾಲಿನ ಮಾತು ಅವನು ಎತ್ತಲಿಲ್ಲ, ಅವಳು ಕೇಳಲೂ ಇಲ್ಲ. ಮಿಕ್ಸಿ ಅವಳಿಗೆ, ಬೀರು ಅವನಿಗೆ. ಸಹಿಗೆ ಮುಂಚೆ ಖರ್ಚಿನ ಹಾಳೆಗಳನ್ನು ಸರಿಪಡಿಸಬೇಕಿತ್ತು. ಅವಳು ಹಳದಿ ಹಾಳೆ ತೆಗೆದುಕೊಂಡು ಹನ್ನೊಂದನೇ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಸ್ಕೇಲು ಇಟ್ಟ ಹಾಗೆ ನೇರ ಗೆರೆ. ಪ್ರೆಸ್ಸಿನವನು ನೀಲಿ ಹಾಳೆ ಮುಂದಿಟ್ಟುಕೊಂಡ. ಬೀಡಿಯ ಕೆಳಗೆ 'ಇನ್‌ಹೇಲರ್' ಎಂದು ಬರೆದ. ಆಮೇಲೆ ತಲೆ ಎತ್ತದೆಯೇ ಕೇಳಿದ.

"ಎಷ್ಟಾಗತ್ತೆ ಅದು?"

ಅವಳು ಹೇಳಿದಳು. ಪೈಸೆ ಸಮೇತ. ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀಲಿ ಮುಚ್ಚಳದ್ದು ಯಾವಾಗ, ಕಂದು ಮುಚ್ಚಳದ್ದು ಯಾವಾಗ, ಅದನ್ನೂ ಹೇಳಿದಳು. ಅವನು ಒಂದೊಂದನ್ನೇ ಬರೆದುಕೊಂಡ. ಆ ಇಬ್ಬರು ಅಷ್ಟು ಹೊತ್ತು ಜಗಳವಿಲ್ಲದೆ ಮಾತಾಡಿದ್ದನ್ನು ಸಿಸ್ಟರಮ್ಮ ನೋಡಿದ್ದು ಅದೇ ಮೊದಲು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು, "ನೀವು ಆ ಮಾತು ಹೇಳಬಾರದಿತ್ತು ಸಿಸ್ಟರಮ್ಮ. ಅವತ್ತೇ ಸಹಿ ಹಾಕಿ ಹೋಗಿದ್ರೆ ನನಗೆ ಸಂಸಾರ ಒಂದೇ ಸಲ ಹೋಗ್ತಿತ್ತು," ಅಂದ. ಸಿಟ್ಟಿನಿಂದ ಅಂದದ್ದಲ್ಲ.

ಸಿಸ್ಟರಮ್ಮ ನೇರ ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋದರು. ಅವರು ವಯಸ್ಸಿನಲ್ಲಿ ಚಿಕ್ಕವರು, ವಕೀಲರು. ಸಿಸ್ಟರಮ್ಮ ನಡೆದದ್ದನ್ನೆಲ್ಲ ಹೇಳಿ, ತಮ್ಮ ತಪ್ಪನ್ನು ದಾಖಲೆಯಲ್ಲಿ ಬರೆಯಬೇಕೆಂದು ಕೇಳಿದರು. ಮುಖ್ಯಸ್ಥರು ಫೈಲು ತಿರುವಿದರು.

"ಇತ್ಯರ್ಥ ಆಯ್ತು ತಾನೇ? ಇಬ್ಬರ ಸಹಿಯೂ ಇದೆ. ಇನ್ನೇನು? ಈ ತಿಂಗಳಲ್ಲಿ ನಿಮ್ಮದೇ ಜಾಸ್ತಿ ಸಿಸ್ಟರಮ್ಮ, ಒಂಬತ್ತು ಇತ್ಯರ್ಥ."

"ಆ ಹುಡುಗಿಗೆ ಮನೆ ತಪ್ಪಿಸಿದೆನಲ್ಲ ಸಾರ್."

"ಅದಕ್ಕೆ ನಮ್ಮ ಫಾರಮ್ಮಿನಲ್ಲಿ ಜಾಗ ಇಲ್ಲ," ಅಂದರು ಮುಖ್ಯಸ್ಥರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಬಸ್ಸಿನಲ್ಲಿ ಸಿಸ್ಟರಮ್ಮನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅದೂ ಅವರಿಗೆ ಯಾಕೋ ಸರಿಬರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವರು ಅಡುಗೆಮನೆಗೆ ಹೋಗಲಿಲ್ಲ. ಯಜಮಾನರ ಮೇಜಿನ ಖಾನೆ ಎಳೆದರು. ಹೋದ ತಿಂಗಳು ನಾಲ್ಕೇ ನೋಡಿ ಮುಚ್ಚಿದ್ದ ಕಾಗದಗಳು ಅಲ್ಲೇ ಇದ್ದವು. ಔಷಧಿ ಅಂಗಡಿಯ ಬಿಲ್ಲುಗಳು, ಸಿಸ್ಟರಮ್ಮ ಎಂದೂ ಕಾಲಿಡದ ಅಂಗಡಿಯವು. ವಿಮಾ ಕಚೇರಿಯ ಗುಮಾಸ್ತರು ಯಾವ ಕಾಗದವನ್ನೂ ಎಸೆದವರಲ್ಲ. ತಾರೀಕಿನ ಪ್ರಕಾರ ಜೋಡಿಸಿ, ವರ್ಷಕ್ಕೊಂದು ಪಿನ್ನು ಚುಚ್ಚಿದ್ದರು. ಪ್ರತಿಯೊಂದರಲ್ಲೂ ಯಜಮಾನರ ಹೆಸರು. ಅದೇ ರಕ್ತದೊತ್ತಡದ ಮಾತ್ರೆ. ದಿನಕ್ಕೆ ಎರಡರಂತೆ ತಿಂಗಳಿಗೆ ಸಾಲುವಷ್ಟು. ಸಿಸ್ಟರಮ್ಮ ಪಿನ್ನುಗಳನ್ನು ಎಣಿಸಿದರು. ಹನ್ನೊಂದು.

ಒಬ್ಬ ಮನುಷ್ಯ ಅಂಥ ಮಾತ್ರೆಯನ್ನು ಎರಡರಷ್ಟು ನುಂಗಿ ಹನ್ನೊಂದು ವರ್ಷ ಬದುಕುವುದಿಲ್ಲ. ಅದು ನರ್ಸಿಗೆ ಗೊತ್ತು. ಹೋದ ತಿಂಗಳು ಖಾನೆ ಮುಚ್ಚುವಾಗಲೂ ಗೊತ್ತಿತ್ತು.

ಯಜಮಾನರು ತಮ್ಮದನ್ನು ತಾವೇ ತಂದುಕೊಂಡು ನುಂಗುತ್ತಿದ್ದರು. ಇವರು ಇಟ್ಟದ್ದನ್ನು ದಿನಾ ತೆಗೆದು ಎಲ್ಲಿ ಎಸೆಯುತ್ತಿದ್ದರೋ. ಎಸೆಯದೆ ಬಟ್ಟಲಲ್ಲೇ ಬಿಟ್ಟಿದ್ದರೆ ಇವರು ಕೇಳುತ್ತಿದ್ದರು, ಕೇಳಿದರೆ ಮಾತಾಡಬೇಕಾಗುತ್ತಿತ್ತು. ಅದೊಂದನ್ನು ತಪ್ಪಿಸಿಕೊಳ್ಳಲು ಬಟ್ಟಲು ಖಾಲಿ ಮಾಡಿದರೋ ಏನೋ. ಈಗ ಕೇಳೋಣವೆಂದರೆ ಯಾರನ್ನು ಕೇಳುವುದು?

ಸಿಸ್ಟರಮ್ಮ ಬಿಲ್ಲುಗಳನ್ನು ಇದ್ದ ಹಾಗೇ ಜೋಡಿಸಿ ಖಾನೆಗೆ ಹಾಕಿದರು. ಅಡುಗೆಕಟ್ಟೆಯ ಮೇಲಿನ ಬಟ್ಟಲು ತೆಗೆದು ತೊಳೆದು, ಬೇರೆ ಬಟ್ಟಲುಗಳ ಜೊತೆ ಬೋರಲು ಹಾಕಿದರು. ಏಳು ವರ್ಷ ಅದು ಕೂತಿದ್ದ ಜಾಗದಲ್ಲಿ ದುಂಡಗೆ ಒಂದು ಕಲೆ ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದರು. ಹೋಗಲಿಲ್ಲ.

ಮರುದಿನ ಮೂರನೇ ನಂಬರಿನ ಕೋಣೆಗೆ ಹೊಸಬರು ಬಂದರು. ಸಿಸ್ಟರಮ್ಮ ಬಾಗಿಲು ಹಾಕಿ, ಆ ಹೆಂಗಸಿಗೆ ಹಳದಿ ಹಾಳೆ ಕೊಟ್ಟರು.

"ನಿಧಾನಕ್ಕೆ ಬರಿ ತಾಯಿ. ಬರೆದ ಮೇಲೆ ಇನ್ನೊಂದು ಸಲ ಓದು. ನಿನ್ನದಲ್ಲದ್ದು ಯಾವುದಾದರೂ ಬಂದಿದ್ದರೆ ನೀನೇ ಹೊಡೆದುಹಾಕು. ಆಮೇಲೆ ನನ್ನ ಕೈಗೆ ಕೊಡು," ಅಂದರು. ಅಂದು ಕಿಟಕಿಯ ಕಡೆ ತಿರುಗಿ, ಸ್ಕೂಟರುಗಳನ್ನು ನೋಡುತ್ತ ಕೂತರು.